ಕನ್ನಡ ಹೋರಾಟಗಾರರ ಸಾಲಿನಲ್ಲಿ ದಿನಕರ ದೇಸಾಯಿಯವರೂ ಇರಬೇಕು

ಸಂಪಾದಕರಿಗೆ,

ಮಾನ್ಯರೇ,

ರಾಜ್ಯೋತ್ಸವದ ನಿಮಿತ್ತ ತಮ್ಮ ಪತ್ರಿಕೆಯಲ್ಲಿ ಬಂದ ಕನ್ನಡ ಹೋರಾಟಗಾರರ ಪರಿಚಯ ಲೇಖನವನ್ನು ಓದಿದೆ. ಆಲೂರು ವೆಂಕಟರಾಯರು, ಅಂದಾನಪ್ಪ ದೊಡ್ಡಮೇಟಿಯವರು, ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಯವರು, ವಾಟಾಳ್ ನಾಗರಾಜ್ ಅವರು, ಗೋಕಾಕ ಚಳವಳಿಯ ಮುಂದಾಳುಗಳು, ಹೀಗೆ ಬರಬೇಕಾದ ಹೆಸರುಗಳೆಲ್ಲ ಬಂದಿವೆ. ಆದರೆ ಗಡಿಯಲ್ಲಿರುವ ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಒಂದು ಹೆಸರೂ ಅದರಲ್ಲಿ ಕಾಣಲಿಲ್ಲ. ಅಂಕೋಲೆಯ ದಿನಕರ ದೇಸಾಯಿಯವರ ಹೆಸರು ಆ ಸಾಲಿನಲ್ಲಿ ಇರಲೇಬೇಕಿತ್ತು ಎಂದು ನಾನು ನಂಬಿದ್ದೇನೆ. ಆ ನಂಬಿಕೆಗೆ ಕಾರಣಗಳನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೂ ದಯವಿಟ್ಟು ಪ್ರಕಟಿಸಬೇಕು.

ನಾಡಿನ ಇತರ ಭಾಗದವರಿಗೆ ದೇಸಾಯಿಯವರು ಚುಟುಕು ಕವಿ ಎಂದಷ್ಟೇ ಪರಿಚಿತರು. ನಾಲ್ಕು ಸಾಲಿನ ಅವರ ಚೌಪದಿಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಅವರ ಬದುಕಿನ ಉಳಿದ ಭಾಗವನ್ನು ಕೇಳಿರುವುದು ಕಡಿಮೆ. 1909ರ ಸೆಪ್ಟೆಂಬರ್ 10ರಂದು ಹುಟ್ಟಿದ ಅವರು ಉನ್ನತ ಶಿಕ್ಷಣ ಪಡೆದು, ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಕಟ್ಟಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು ಸೇರಿದರು. ಮುಂಬಯಿಯಲ್ಲಿ ಹಡಗಿನ ಕಾರ್ಮಿಕರ ನಡುವೆ ಕೆಲಸ ಮಾಡಿದರು. ಅವರ ದುಡಿಮೆಯ ಸ್ಥಿತಿಗತಿಯ ಮೇಲೆ ಇಂಗ್ಲಿಷಿನಲ್ಲಿ ಆಧಾರಯುತವಾದ ಗ್ರಂಥವನ್ನೂ ಬರೆದರು. ಆ ವಿದ್ಯೆ, ಆ ಸಂಪರ್ಕಗಳನ್ನು ಇಟ್ಟುಕೊಂಡು ಅವರು ಮುಂಬಯಿಯಲ್ಲೇ ನೆಮ್ಮದಿಯಿಂದ ಇರಬಹುದಿತ್ತು. ಬದಲಾಗಿ ಅವರು ತಮ್ಮ ಜಿಲ್ಲೆಯ ಗೇಣಿ ಒಕ್ಕಲುಗಳ ಕಷ್ಟವನ್ನು ಮೈಮೇಲೆ ಎಳೆದುಕೊಂಡರು.

1930ರ ಉಪ್ಪಿನ ಸತ್ಯಾಗ್ರಹದಿಂದಲೂ ಅದರ ಬೆನ್ನಿಗೆ ಬಂದ ಕರನಿರಾಕರಣೆಯಿಂದಲೂ ಅಂಕೋಲೆ ಆಗಲೇ ದೇಶದ ಗಮನ ಸೆಳೆದಿತ್ತು. ಆದರೆ ಸ್ವರಾಜ್ಯದ ಮಾತು ಊರೂರಲ್ಲಿ ಕೇಳುತ್ತಿದ್ದ ಆ ಕಾಲದಲ್ಲೇ ಗದ್ದೆಯಲ್ಲಿ ದುಡಿಯುವವನು ಬೆಳೆದ ಭತ್ತದ ದೊಡ್ಡ ಪಾಲು ಒಡೆಯರ ಕಣಜಕ್ಕೆ ಹೋಗುತ್ತಿತ್ತು. ದೇಸಾಯಿಯವರು ಆ ಒಕ್ಕಲುಗಳನ್ನು ಸಂಘಟಿಸಿ, ಉಳುವವನೇ ಹೊಲದೊಡೆಯ ಎಂಬ ಮಾತನ್ನು ಕರಾವಳಿಯ ಕೊಪ್ಪ ಕೇರಿಗಳಿಗೆ ಮುಟ್ಟಿಸಿದರು. ಇದರ ಫಲವಾಗಿ 1940ರ ದಶಕದ ಮೊದಲ ಭಾಗದಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಐದು ವರ್ಷಗಳ ಕಾಲ ಸ್ವಂತ ಜಿಲ್ಲೆಯಿಂದಲೇ ಗಡೀಪಾರು ಮಾಡಿತು.

ಇದು ರೈತ ಹೋರಾಟವಾಯಿತು, ಇದರಲ್ಲಿ ಕನ್ನಡದ ಮಾತೆಲ್ಲಿ ಬಂತು ಎಂದು ಕೆಲವರು ಕೇಳಬಹುದು. ಒಕ್ಕಲು ಮನೆಯಲ್ಲಿ ಹುಟ್ಟಿದ ನನ್ನಂಥವರಿಗೆ ಇವೆರಡೂ ಬೇರೆಯಾಗಿ ಕಂಡದ್ದೇ ಇಲ್ಲ. ನಮ್ಮ ಅಜ್ಜ ಕಾಳಿ ನದಿಯ ದಂಡೆಯಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದರು. ಸುಗ್ಗಿಯಲ್ಲಿ ಒಕ್ಕಿ ತೂರಿದ ಭತ್ತವನ್ನು ಮೊದಲು ಒಡೆಯರ ಅಂಗಳಕ್ಕೆ ಹೊತ್ತು, ಅಳೆದುಕೊಟ್ಟು, ಉಳಿದದ್ದನ್ನು ಮನೆಗೆ ತರುತ್ತಿದ್ದರು. ಎಷ್ಟು ಮುಟ್ಟಿತು, ಎಷ್ಟು ಬಾಕಿ ಎಂಬುದು ಒಡೆಯರ ಮನೆಯ ಲೆಕ್ಕದ ಪುಸ್ತಕದಲ್ಲಿ ಇರುತ್ತಿತ್ತು. ಅದನ್ನು ಓದಿ ನೋಡುವವರು ನಮ್ಮ ಕೇರಿಯಲ್ಲಿ ಒಬ್ಬರೂ ಇರಲಿಲ್ಲ. ಚೀಟಿ ಕೊಟ್ಟರೂ ಅದರಲ್ಲಿ ಏನು ಬರೆದಿದೆ ಎಂದು ತಿಳಿಯಲು ಮತ್ತೆ ಅದೇ ಮನೆಯ ಕಾರಕೂನನನ್ನೇ ಕೇಳಬೇಕಿತ್ತು.

1974ರ ಮಾರ್ಚ್ 1ರಂದು ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು, ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಕೊಡಬೇಕೆಂದಾಯಿತು. ನಮ್ಮ ಕಡೆ ಅದಕ್ಕೆ ಡಿಕ್ಲರೇಶನ್ ಹಾಕುವುದು ಎನ್ನುತ್ತಿದ್ದರು. ಸರ್ವೆ ನಂಬರು, ಹಿಸ್ಸೆ, ಎಕರೆ ಗುಂಟೆ, ಚೆಕ್ಕುಬಂದಿ, ಎಷ್ಟು ವರ್ಷದಿಂದ ಸಾಗುವಳಿ, ಇಷ್ಟನ್ನೂ ಕನ್ನಡದಲ್ಲಿ ತಪ್ಪಿಲ್ಲದೆ ತುಂಬಬೇಕಿತ್ತು. ಆಗ ಹೈಸ್ಕೂಲಿನಲ್ಲಿದ್ದ ನಾನು ನಮ್ಮ ಮನೆಯ ಅರ್ಜಿಯನ್ನೂ ನೆರೆಯ ಕೆಲವು ಮನೆಗಳ ಅರ್ಜಿಯನ್ನೂ ಚಿಮಣಿ ದೀಪದ ಬೆಳಕಿನಲ್ಲಿ ಕೂತು ತುಂಬಿದೆ. ಹೆಬ್ಬೆಟ್ಟು ಒತ್ತುವ ಮೊದಲು ಅಜ್ಜ ಅದನ್ನು ಎರಡು ಸಲ ಓದಿಸಿ ಕೇಳಿಸಿಕೊಂಡರು. ಭೂನ್ಯಾಯಮಂಡಳಿಯ ಮುಂದೆ ವಿಚಾರಣೆಯಾಗಿ ಆ ಗದ್ದೆ ನಮ್ಮ ಹೆಸರಿಗೆ ಬಂತು. ಜಿಲ್ಲೆಯ ಸಾವಿರಾರು ಮನೆಗಳಲ್ಲಿ ಹೀಗೆ ಅರ್ಜಿ ತುಂಬಿದವರು ಆ ಮನೆಗಳಿಂದ ಮೊದಲ ಬಾರಿಗೆ ಹೈಸ್ಕೂಲಿಗೆ ಹೋದ ಮಕ್ಕಳೇ ಆಗಿದ್ದರು. ಆ ಹೈಸ್ಕೂಲುಗಳಲ್ಲಿ ಎಷ್ಟನ್ನು ಕಟ್ಟಿಸಿದವರು ದಿನಕರ ದೇಸಾಯಿಯವರು ಎಂಬುದನ್ನು ಇಂದಿನ ತಲೆಮಾರು ಅರಿಯಬೇಕು.

1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಆಗ ಹೈಸ್ಕೂಲು ಎಂದರೆ ತಾಲ್ಲೂಕು ಕೇಂದ್ರಕ್ಕೆ ಹೋಗಿ, ನೆಂಟರ ಮನೆಯಲ್ಲೋ ಮಠದಲ್ಲೋ ಉಳಿದು ಓದುವ ಸಂಗತಿಯಾಗಿತ್ತು. ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳಿಗೆ ಸೇತುವೆಗಳಿಲ್ಲದ ಆ ದಿನಗಳಲ್ಲಿ ದೋಣಿ ದಾಟಿ, ಗಜನಿ ಗದ್ದೆಯ ಬದುವಿನ ಮೇಲೆ ನಡೆದು ಶಾಲೆಗೆ ಹೋಗಬಲ್ಲವರು ಎಷ್ಟು ಮಂದಿ? ಹಾಲಕ್ಕಿ ಒಕ್ಕಲಿಗರು, ಮೀನುಗಾರರು, ನಾಮಧಾರಿಗಳು, ಕೂಲಿ ಮಾಡುವವರು, ಇವರ ಮಕ್ಕಳು ನಾಲ್ಕನೇ ಇಯತ್ತೆಗೆ ಪಾಟಿ ಕೆಳಗಿಟ್ಟು ದನ ಮೇಯಿಸಲು ಹೋಗುತ್ತಿದ್ದರು. ದೇಸಾಯಿಯವರು ಊರವರಿಂದಲೇ ಜಾಗ, ಮರ, ಹಣ ಕೇಳಿ ಪಡೆದು ಅವರ ಊರಿಗೇ ಜನತಾ ವಿದ್ಯಾಲಯಗಳನ್ನು ತಂದರು. ಶಿರಾಲಿಯಿಂದ ಘಟ್ಟದ ಮೇಲಿನ ದಾಂಡೇಲಿಯವರೆಗೆ ಆ ಶಾಲೆಗಳ ಸಾಲು ಬೆಳೆಯಿತು. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. ಕಾರವಾರದ ದಿವೇಕರ ವಾಣಿಜ್ಯ ಕಾಲೇಜು ಕೂಡ ಇದೇ ಟ್ರಸ್ಟಿನದು.

ಇಲ್ಲಿ ಕಾರವಾರದ ವಿಶೇಷ ಸ್ಥಿತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸ್ ಆಧಿಪತ್ಯದಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಲಾಯಿತು. ಅಲ್ಲಿಂದ 1956ರವರೆಗೆ ಆಡಳಿತದ ಹಗ್ಗ ಮುಂಬಯಿಯಲ್ಲಿತ್ತು. ಕಾರವಾರ, ಹಳಿಯಾಳ, ಜೋಯಿಡಾ ಕಡೆಗಳಲ್ಲಿ ಮರಾಠಿ ಶಾಲೆಗಳು ನಡೆಯುತ್ತಿದ್ದವು. ನನ್ನದೂ ಸೇರಿದಂತೆ ಇಲ್ಲಿನ ಬಹಳಷ್ಟು ಮನೆಗಳ ಮಾತು ಕೊಂಕಣಿ. ಕಾರವಾರ ತನಗೆ ಸೇರಬೇಕೆಂಬ ಮಹಾರಾಷ್ಟ್ರದ ವಾದ ಮಹಾಜನ ಆಯೋಗದ ವರದಿ ಬಂದ 1967ಕ್ಕೂ ಮೊದಲಿನಿಂದ ಇದೆ. 2022ರ ಡಿಸೆಂಬರಿನಲ್ಲಿ ಆ ರಾಜ್ಯದ ವಿಧಾನಮಂಡಲ 865 ಹಳ್ಳಿಗಳ ಜೊತೆಗೆ ಬೆಳಗಾವಿ, ಕಾರವಾರ, ನಿಪ್ಪಾಣಿಗಳನ್ನು ಕೇಳಿ ನಿರ್ಣಯ ಮಾಡಿದ್ದು ಎಲ್ಲರಿಗೂ ನೆನಪಿರಬಹುದು. ಇಂಥ ನೆಲದಲ್ಲಿ ಕೊಂಕಣಿ ಮನೆಯ ಮಗು ಕನ್ನಡವನ್ನು ತನ್ನದೆಂದು ಏಕೆ ಒಪ್ಪಿಕೊಂಡಿತು? ಯಾರೂ ಹೆದರಿಸಿದ್ದರಿಂದಲ್ಲ. ಕನ್ನಡದಲ್ಲಿ ಹೈಸ್ಕೂಲು ಸಿಕ್ಕಿತು, ಕಾಲೇಜು ಸಿಕ್ಕಿತು, ಕಚೇರಿಯ ಕಾಗದ ತಿಳಿಯಿತು, ಕೆಲಸ ಸಿಕ್ಕಿತು, ಗದ್ದೆಯ ಹಕ್ಕು ಕೈಗೆ ಬಂತು. ಮನೆಯ ಕೊಂಕಣಿಯನ್ನು ಬಿಡು ಎಂದು ನಮ್ಮ ಮೇಷ್ಟರುಗಳು ಒಂದು ದಿನವೂ ಹೇಳಲಿಲ್ಲ.

ಏಕೀಕರಣದ ಒಂದು ಕಹಿ ಸತ್ಯವನ್ನೂ ಇಲ್ಲಿ ಹೇಳಬೇಕಾಗಿದೆ. ಮುಂಬಯಿ ರಾಜ್ಯದಲ್ಲೇ ಉಳಿದ ಜಿಲ್ಲೆಗಳಲ್ಲಿ 1957ರ ಏಪ್ರಿಲ್ 1ನ್ನು ಉಳುವವರ ದಿನವೆಂದು ಸಾರಿ, ಅಲ್ಲಿನ ಗೇಣಿದಾರರನ್ನು ಜಮೀನಿನ ಖರೀದಿದಾರರೆಂದು ಕಾಯ್ದೆ ಗುರುತಿಸಿತು. ಅದಕ್ಕೆ ಐದು ತಿಂಗಳು ಮೊದಲು, 1956ರ ನವೆಂಬರ್ 1ರಂದು, ನಾವು ಮೈಸೂರು ರಾಜ್ಯಕ್ಕೆ ಸೇರಿದ್ದೆವು. ಇಲ್ಲಿ 1961ರ ಭೂಸುಧಾರಣಾ ಕಾಯ್ದೆ 1965ರ ಅಕ್ಟೋಬರ್ 2ರವರೆಗೆ ಜಾರಿಗೇ ಬರಲಿಲ್ಲ. ನಮ್ಮ ಒಕ್ಕಲುಗಳು ನಿಜವಾದ ಒಡೆತನಕ್ಕಾಗಿ 1974ರವರೆಗೆ ಕಾಯಬೇಕಾಯಿತು. ಕನ್ನಡ ರಾಜ್ಯಕ್ಕೆ ಸೇರಿದ್ದರಿಂದ ಬಡವನಿಗೆ ನಷ್ಟವಾಯಿತು ಎಂದು ಗಡಿಭಾಗದಲ್ಲಿ ಯಾರಾದರೂ ಹೇಳಿದ್ದರೆ ಉತ್ತರ ಕೊಡುವುದು ಕಷ್ಟವಿತ್ತು. ಆ ನಡುವಿನ ವರ್ಷಗಳಲ್ಲಿ ಕನ್ನಡದ ಮೇಲೆ ಒಕ್ಕಲು ಜನರ ವಿಶ್ವಾಸ ಕುಸಿಯದಂತೆ ಕಾಯ್ದದ್ದರಲ್ಲಿ ಈ ಶಾಲೆಗಳ ಪಾತ್ರ ಬಹಳ ದೊಡ್ಡದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅವರು ನಡೆಸಿದ ‘ಜನಸೇವಕ’ ವಾರಪತ್ರಿಕೆಯದೂ ಇದೇ ಬಗೆಯ ಕೆಲಸ. ನಮ್ಮೂರಿನ ಕಿರಾಣಿ ಅಂಗಡಿಯ ಜಗಲಿಯಲ್ಲಿ ಓದು ಬಂದವನೊಬ್ಬ ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಅಕ್ಕಿ, ಚಿಮಣಿ ಎಣ್ಣೆ ಒಯ್ಯಲು ಬಂದವರು ನಿಂತು ಕೇಳಿ ಹೋಗುತ್ತಿದ್ದರು. ರಸ್ತೆ, ರೇಶನ್, ಗೇಣಿ, ಶಾಲೆ, ಕಚೇರಿಯ ದಬ್ಬಾಳಿಕೆ, ಎಲ್ಲವೂ ಕೂಲಿಯವನಿಗೂ ತಿಳಿಯುವ ಕನ್ನಡದಲ್ಲಿ ಇರುತ್ತಿತ್ತು. ಅವರ ಚುಟುಕಗಳು ಜನರ ಬಾಯಿಗೆ ಬಂದದ್ದೂ ಆ ಭಾಷೆಯಿಂದಲೇ. 1967ರಲ್ಲಿ ಅವರು ಪಕ್ಷೇತರ ಅಭ್ಯರ್ಥಿಯಾಗಿ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಅದಕ್ಕೆ ಮೊದಲಿನ ಮೂರೂ ಚುನಾವಣೆಗಳಲ್ಲಿ ಕಾಂಗ್ರೆಸ್ಸೇ ಗೆದ್ದಿದ್ದ ಕ್ಷೇತ್ರವದು. ಪಕ್ಷದ ಬಲವಿಲ್ಲದ ವ್ಯಕ್ತಿಯನ್ನು ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ಧಾಪುರದವರೆಗೆ ಜನ ಆರಿಸಿದರೆಂದರೆ ಅದರ ಹಿಂದೆ ಆ ಶಾಲೆಗಳಿಗೆ ಮಕ್ಕಳನ್ನು ಕಳಿಸಿದ ತಂದೆತಾಯಿಗಳ ಕೃತಜ್ಞತೆ ಇತ್ತೆಂದೇ ನಾನು ತಿಳಿಯುತ್ತೇನೆ.

ದೇಸಾಯಿಯವರು ತೀರಿಕೊಂಡದ್ದು 1982ರ ನವೆಂಬರ್ 6ರಂದು. ಗೋಕಾಕ ವರದಿಯ ಜಾರಿಗಾಗಿ ಇಡೀ ನಾಡು ಬೀದಿಗಿಳಿದ ವರ್ಷವೂ ಅದೇ. ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ಕೇಳಿದ ಆ ಚಳವಳಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಅದರ ಮೆರವಣಿಗೆಗಳಲ್ಲಿ ನಾನೂ ಹೆಜ್ಜೆ ಹಾಕಿದ್ದೇನೆ. ಆದರೆ ಹಾಗೆ ಕೇಳಬೇಕಾದರೆ ಊರಲ್ಲಿ ಪ್ರೌಢಶಾಲೆಯೊಂದು ಇರಬೇಕಷ್ಟೆ. ಬೆಂಗಳೂರಿನ ವೃತ್ತಗಳಲ್ಲಿ ನಡೆದ ಹೋರಾಟ ಪತ್ರಿಕೆಗಳ ಮೊದಲ ಪುಟಕ್ಕೆ ಬಂತು. ಮೂವತ್ತು ವರ್ಷ ಹಳ್ಳಿಹಳ್ಳಿಯಲ್ಲಿ ಕಟ್ಟಡ ಎಬ್ಬಿಸಿ, ಶಿಕ್ಷಕರನ್ನು ಹುಡುಕಿ ತಂದ ಕೆಲಸ ಸುದ್ದಿಯಾಗಲಿಲ್ಲ. ಎರಡನೆಯದನ್ನೂ ಕನ್ನಡ ಹೋರಾಟವೆಂದೇ ಬರೆದಿಡುವುದು ನ್ಯಾಯ.

ಈ ಮಾತನ್ನು ಈಗ ಎತ್ತಲು ಇನ್ನೊಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಕಾರವಾರದ ರಸ್ತೆಗಳ ನಾಮಫಲಕಗಳಲ್ಲಿ ದೇವನಾಗರಿ ಲಿಪಿ ಬಳಸಿದ್ದಕ್ಕೆ ದೊಡ್ಡ ವಿವಾದವಾಗಿ, ಫಲಕಗಳಿಗೆ ಮಸಿ ಬಳಿಯುವವರೆಗೆ ಹೋಯಿತು. 2024ರ ತಿದ್ದುಪಡಿ ಕಾಯ್ದೆಯಂತೆ ಅಂಗಡಿ ಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು; ಅದನ್ನು ನಾನು ಒಪ್ಪುತ್ತೇನೆ, ಅದು ಕಟ್ಟುನಿಟ್ಟಾಗಿ ಜಾರಿಯಾಗಬೇಕು. ಆದರೆ ಫಲಕಕ್ಕಾಗಿ ಸೇರಿದಷ್ಟು ಜನ, ಮಕ್ಕಳ ಸಂಖ್ಯೆ ಕಡಿಮೆಯೆಂದು ಊರಿನ ಕನ್ನಡ ಶಾಲೆಯನ್ನು ಪಕ್ಕದ ಊರಿನ ಶಾಲೆಯೊಂದಿಗೆ ವಿಲೀನ ಮಾಡಿದಾಗ ಸೇರುವುದಿಲ್ಲ. ಪ್ರಾಥಮಿಕ ಶಿಕ್ಷಣದಲ್ಲಿ ಕನ್ನಡ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟ ಮೇಲೆ ಕಾನೂನಿನ ದಾರಿ ಬಹುಮಟ್ಟಿಗೆ ಮುಚ್ಚಿದೆ. ಇಂಗ್ಲಿಷ್ ಮಾಧ್ಯಮದ ಶಾಲೆಯ ವಾಹನ ಮನೆಯ ಬಾಗಿಲಿಗೆ ಬಂದು ನಿಲ್ಲುವಾಗ, ಕನ್ನಡ ಶಾಲೆಗೆ ಮಗು ಮಳೆಗಾಲದಲ್ಲಿ ಎರಡು ಕಿಲೋಮೀಟರ್ ನಡೆದು ಹೋಗಬೇಕಾದರೆ, ಅಲ್ಲಿ ಐದು ತರಗತಿಗೆ ಒಬ್ಬರೇ ಶಿಕ್ಷಕರಿದ್ದರೆ, ತಂದೆತಾಯಿಗಳನ್ನು ದೂರುವುದರಲ್ಲಿ ಅರ್ಥವಿಲ್ಲ. ಕನ್ನಡ ಶಾಲೆ ಹತ್ತಿರದಲ್ಲೂ ಇರಬೇಕು, ಒಳ್ಳೆಯದೂ ಆಗಿರಬೇಕು. 1953ರಲ್ಲಿ ದೇಸಾಯಿಯವರು ಕೈಹಚ್ಚಿದ್ದು ಈ ಕೆಲಸಕ್ಕೇ.

ಆದ್ದರಿಂದ ನಮ್ಮ ಜಿಲ್ಲೆಯ ಶಾಸಕರು ಮತ್ತು ಸಂಸದರಲ್ಲಿ ನನ್ನ ಬಿನ್ನಹವಿಷ್ಟು: ನದಿ, ಹಳ್ಳ, ಗುಡ್ಡ ಅಡ್ಡವಿರುವ ಕರಾವಳಿ ಮತ್ತು ಜೋಯಿಡಾದಂಥ ಕಾಡುಪ್ರದೇಶದ ಊರುಗಳಲ್ಲಿ ಮಕ್ಕಳ ತಲೆ ಎಣಿಸಿ ಶಾಲೆ ಮುಚ್ಚುವ ಕ್ರಮವನ್ನು ಕೈಬಿಡುವಂತೆ ಸರ್ಕಾರದ ಮೇಲೆ ಒತ್ತಡ ತರಬೇಕು, ಖಾಲಿ ಇರುವ ಶಿಕ್ಷಕರ ಹುದ್ದೆಗಳನ್ನು ಶಾಲೆ ತೆರೆಯುವ ಮೊದಲೇ ತುಂಬಿಸಬೇಕು. ಕನ್ನಡ ಸಂಘಟನೆಗಳು ರಾಜ್ಯೋತ್ಸವದ ಖರ್ಚಿನ ಒಂದು ಪಾಲನ್ನು ತಮ್ಮ ಊರಿನ ಕನ್ನಡ ಶಾಲೆಯ ಮಕ್ಕಳ ವಾಹನಕ್ಕೆ ಕೊಟ್ಟರೆ ಬಹಳ ಉಪಕಾರವಾಗುತ್ತದೆ. ‘ಜನಸೇವಕ’ದ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಓದಲು ಸಿಗುವಂತೆ ಮಾಡುವ ಹೊಣೆಯನ್ನು ಕನ್ನಡ ವಿಶ್ವವಿದ್ಯಾಲಯವಾಗಲಿ, ಕರ್ನಾಟಕ ವಿಶ್ವವಿದ್ಯಾಲಯವಾಗಲಿ ಹೊರಬೇಕು. ಜಿಲ್ಲೆಯ ಮನೆಗಳ ಅಟ್ಟದಲ್ಲಿ ಆ ಸಂಚಿಕೆಗಳು ಇನ್ನೂ ಇರಬಹುದು. ಒಂದೆರಡು ಮಳೆಗಾಲ ಕಳೆದರೆ ಗೆದ್ದಲಿನ ಪಾಲಾಗುತ್ತವೆ. ಅವುಗಳನ್ನು ಇಟ್ಟುಕೊಂಡವರು ಮುಂದೆ ಬರುವಂತೆ ತಮ್ಮ ಪತ್ರಿಕೆಯ ಮೂಲಕವೇ ಕೇಳಿಕೊಳ್ಳಲು ಅವಕಾಶ ಮಾಡಿಕೊಡಬೇಕೆಂದೂ, ದೇಸಾಯಿಯವರ ಸಾರ್ವಜನಿಕ ಬದುಕಿನ ಬಗ್ಗೆ ಪ್ರತ್ಯೇಕ ಲೇಖನವೊಂದನ್ನು ಬಲ್ಲವರಿಂದ ಬರೆಸಿ ಪ್ರಕಟಿಸಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಕೋಡಿಬಾಗ, ಕಾರವಾರ