ರೊಟ್ಟಿ ಬಡಿಯುವವರಿಗೂ ಆರೋಗ್ಯ ಬೇಕಲ್ವಾ?

ಸಂಪಾದಕರಿಗೆ ನಮಸ್ಕಾರ.

ಜೋಳದ ರೊಟ್ಟಿ ತಿಂದರೆ ಶುಗರ್ ಹತೋಟಿಗೆ ಬರುತ್ತದೆ ಅಂತ ಮೊನ್ನೆ ನಿಮ್ಮ ಆರೋಗ್ಯ ಪುಟದಲ್ಲಿ ಓದಿದೆ. ನನಗೆ ಶುಗರ್ ಬಂದು ಒಂಬತ್ತು ವರ್ಷ ಆಯ್ತು. ಆ ಮಾತು ಅರ್ಧ ನಿಜ. ರೊಟ್ಟಿ ತಾನೇ ಅಂತ ಒಂದೇ ಊಟಕ್ಕೆ ನಾಲ್ಕು ತಿಂದು, ರಿಪೋರ್ಟ್ ಬಂದ ಮೇಲೆ ಡಾಕ್ಟರ ಹತ್ತಿರ ಬೈಸಿಕೊಂಡವನು ನಾನು. ಜೋಳದಲ್ಲಿ ನಾರು ಇದೆ, ಪಿಷ್ಟವೂ ಇದೆ. ಈಗ ಎರಡೇ ರೊಟ್ಟಿ. ಜೊತೆಗೆ ಜಾಸ್ತಿ ಪಲ್ಯ, ಮಡಿಕೆಕಾಳು, ಹಸಿ ಹಕ್ಕರಿಕಿ ಸೊಪ್ಪು, ಅಗಸಿ ಚಟ್ನಿ. ಅನ್ನ ಒಂದು ಸೌಟು.

ಅದಿರಲಿ. ನಾನು ಹೇಳಬೇಕೆಂದಿರುವುದು ಆ ರೊಟ್ಟಿ ಬಡಿಯುವವರ ವಿಷಯ.

ಹೆಂಡತಿ ತೀರಿಕೊಂಡ ಮೇಲೆ ನನ್ನ ರೊಟ್ಟಿ ಬರುವುದು ನಮ್ಮ ಓಣಿಯ ಅಕ್ಕನ ಮನೆಯಿಂದ. ಬೆಳಿಗ್ಗೆ ಡಬ್ಬಿ ಹಿಡಿದು ಹೋದವನು ಸುಮ್ನೆ ಕೂತು ನೋಡುತ್ತೇನೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇರುವುದಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ, ಕೈ ಚುರುಕೆನ್ನುವಾಗಲೇ ನಾದಬೇಕು. ಬಡಿದದ್ದನ್ನು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ತಿರುವಿ ಬೇಯಿಸಿ, ಕೊನೆಗೆ ಒಲೆಯ ಬದಿಗೆ ಆನಿಸಿ ನಿಲ್ಲಿಸಿದರೆ ಕಡಕ್ ಆಗುತ್ತದೆ. ಹೀಗೆ ದಿನಕ್ಕೆ 150. ಉರಿಗೆ ಹತ್ತಿಕಟ್ಟಿಗೆ, ಕುಳ್ಳು (ಬೆರಣಿ). ಮನೆಯಲ್ಲಿ ಗ್ಯಾಸ್ ಇದೆ, ಆದರೆ ಇಷ್ಟು ರೊಟ್ಟಿಗೆ ಗಿಟ್ಟುವುದಿಲ್ಲ. ತಗಡಿನ ಶೆಡ್ಡಿಗೆ ಒಂದು ಕಿಟಕಿಯೂ ಇಲ್ಲ. ಮೇಲೆ ಹೋದ ಹೊಗೆ ತಗಡಿಗೆ ಬಡಿದು ಮತ್ತೆ ಅವರ ಮುಖಕ್ಕೇ ಇಳಿಯುತ್ತದೆ. ಐದಾರು ರೊಟ್ಟಿಗೊಮ್ಮೆ ಎದ್ದು ಹೊರಗೆ ಬಂದು ಕೆಮ್ಮುತ್ತಾರೆ. ಕೇಳಿದರೆ, "ಹೊಗಿ ಹತ್ತಲಾರದ ರೊಟ್ಟಿ ಎಲ್ಲೈತ್ರೀ ಅಣ್ಣಾರ" ಅಂತ ನಗುತ್ತಾರೆ.

2019ರಲ್ಲಿ ನಾಗಪಂಚಮಿ ಆಗಸ್ಟ್ 5ಕ್ಕೆ ಇತ್ತು. ರೊಟ್ಟಿ ಪಂಚಮಿಗೆಂದು ಎಲ್ಲರ ಮನೆಯಲ್ಲೂ ಎಳ್ಳು ಹಚ್ಚಿದ ಕಡಕ್ ರೊಟ್ಟಿ ಬುಟ್ಟಿ ತುಂಬ. ನಮ್ಮ ಮನೆಯದು ನಿಮ್ಮ ಮನೆಗೆ, ನಿಮ್ಮದು ನಮ್ಮ ಮನೆಗೆ ಹೋಗುವ ಹಬ್ಬ ಅದು. ಯಾರ ಮನೆಯ ಎಣಗಾಯಿ ಚಲೋ ಅಂತ ಕಟ್ಟೆಯ ಮೇಲೆ ಪಂಚಾಯಿತಿಯೂ ಆಗುತ್ತದೆ. ಅದೇ ವಾರ ಮಲಪ್ರಭಾ ಹೊಳೆ ಬಂತು. ಕೊಣ್ಣೂರಿನ ಹತ್ತಿರ ಹೆದ್ದಾರಿ ಮುಳುಗಿತು. ಆಗ ನಾನು ನರಗುಂದದ ಕಡೆ ಬಸ್ ಓಡಿಸುತ್ತಿದ್ದೆ. ನೆರೆಗೆ ಸಿಕ್ಕವರಿಗೆ ಕೊಡಲೆಂದು ಮೊದಲು ರೊಟ್ಟಿ ಬುಟ್ಟಿ ತಂದು ಬಸ್ಸಿನಲ್ಲಿ ಇಟ್ಟವರು ಈ ಅಕ್ಕನೇ. ಆಮೇಲೆ ಇಡೀ ಓಣಿ ತಂದಿತು. ಹಿಂದಿನ ಸೀಟಿನ ತನಕ ಚೀಲಗಳು. ಒಲೆಯೇ ನೀರಲ್ಲಿ ಹೋದವರಿಗೆ ಅಕ್ಕಿ ಕೊಟ್ಟರೆ ಏನು ಮಾಡ್ತಾರೆ ಹೇಳಿ? ಕಡಕ್ ರೊಟ್ಟಿಗೆ ಶೇಂಗಾ ಹಿಂಡಿ ಇದ್ದರೆ ಹಾಗೇ ತಿನ್ನಬಹುದು, ಮಿಕ್ಕಿದ್ದು ಕೆಡುವುದೂ ಇಲ್ಲ. ಇದ್ದ ರೊಟ್ಟಿ ಮುಗಿದ ಮೇಲೆ ಅಕ್ಕ ಮತ್ತು ಇನ್ನಿಬ್ಬರು ಎರಡು ರಾತ್ರಿ ಮಲಗದೆ ಬಡಿದರು. ಮಳೆಗೆ ನೆನೆದ ಕಟ್ಟಿಗೆ ಬೇರೆ. ಆ ಹೊಗೆ ಕೇಳಬೇಡಿ.

ನಮ್ಮ ಓಣಿಯ ಸಮುದಾಯ ಭವನಕ್ಕೆ ವರ್ಷದಲ್ಲಿ ಬಹಳ ದಿನ ಬೀಗವೇ. ಅದರ ಹಿಂದೆ ದೊಡ್ಡ ಅಡುಗೆಮನೆ ಇದೆ. ಅಲ್ಲಿ ಹೊಗೆಗೊಳವೆ ಇರುವ ಎರಡು ಒಲೆ ಕಟ್ಟಿಸಿ, ಬೆಳಿಗ್ಗೆ ನಾಲ್ಕು ತಾಸು ರೊಟ್ಟಿ ಬಡಿಯುವವರಿಗೆ ಬಿಟ್ಟುಕೊಟ್ಟರೆ ಸಾಕು. ಬಾಡಿಗೆ ಎಷ್ಟಾದರೂ ಗಿರಾಕಿಗಳಾದ ನಾವೇ ರೊಟ್ಟಿಗೆ ಒಂದು ರೂಪಾಯಿ ಜಾಸ್ತಿ ಕೊಟ್ಟು ತುಂಬುತ್ತೇವೆ. ಹನ್ನೊಂದು ಮನೆಯವರು ಒಪ್ಪಿದ್ದಾರೆ. ಒಬ್ಬರು ಮಾತ್ರ ಎಂಟಾಣೆಗೆ ಚೌಕಾಸಿ ಮಾಡುತ್ತಿದ್ದಾರೆ, ಅವರನ್ನು ನಾನು ನೋಡಿಕೊಳ್ಳುತ್ತೇನೆ.

ಭವನದ ಉಸ್ತುವಾರಿಯವರಿಗೆ ಮನವಿ ಕೊಟ್ಟು ನಾಲ್ಕು ತಿಂಗಳಾಯಿತು. "ನೋಡೋಣ" ಅಂದಿದ್ದಾರೆ. ನಿಮ್ಮ ಪತ್ರಿಕೆಯನ್ನು ಅವರೂ ಓದುತ್ತಾರೆ, ಅದಕ್ಕೇ ಇಲ್ಲಿ ಬರೆದೆ. ಶ್ರಾವಣಕ್ಕೆ ಮುಂಚೆ ಆ ಬೀಗ ತೆಗೆಸಿ. ಪಂಚಮಿ ಹತ್ತಿರ ಬಂದರೆ ಅಕ್ಕನಿಗೆ ದಿನಕ್ಕೆ 300 ರೊಟ್ಟಿಯ ಆರ್ಡರ್ ಇರುತ್ತದೆ.

— ನಿವೃತ್ತ ಬಸ್ ಚಾಲಕ, ಬೆಟಗೇರಿ, ಗದಗ