ಅಡಿಕೆ ಪಟ್ಟಿ ನೋಡೋ ನಾವು ಷೇರಿನ ಪಟ್ಟಿ ಯಾಕೆ ನೋಡಲ್ಲ?

ಸಂಪಾದಕರಿಗೆ ನಮಸ್ಕಾರ,

ನಮ್ಮ ಶಿರಸಿ ಕಡೆ ಅಡಿಕೆ ಕೊಟ್ಟು ಬಂದವ್ರು ರಾತ್ರಿ ಊಟ ಆದ್ಮೇಲೆ ಪಟ್ಟಿ ಹಿಡ್ಕೊಂಡು ಕೂತು ತೂಕ ಎಷ್ಟು, ರೇಟು ಎಷ್ಟು, ಹಮಾಲಿ ಎಷ್ಟು ಹೋಯ್ತು ಅಂತ ಪೈಸೆ ಪೈಸೆ ಲೆಕ್ಕ ಹಾಕ್ತಾರೆ, ನಾನೂ ಹಾಕ್ತೀನಿ. ಆದ್ರೆ ಷೇರು ತಗೊಂಡಾಗ ಇಮೇಲಿಗೆ ಬರೋ ಕಾಂಟ್ರಾಕ್ಟ್ ನೋಟ್, ಅಂದ್ರೆ ಷೇರಿನ ಬೆಲೆ, ಖರ್ಚು ಎಲ್ಲಾ ಬರೆದಿರೋ ಬಿಲ್ಲು, ಅದನ್ನ ಮಾತ್ರ ಓಪನ್ ಮಾಡಿಯೂ ನೋಡಲ್ಲ.

ನಾಲ್ಕು ವರ್ಷ ನಾನೂ ನೋಡ್ಲಿಲ್ಲ. ಒಂದು ಬ್ಯಾಂಕಿನಲ್ಲಿ ಡಿಮ್ಯಾಟ್, ಅಂದ್ರೆ ಷೇರು ಇಡೋ ಖಾತೆ ಮಾಡಿಸಿ ತಿಂಗಳಿಗೆ 3000 ರೂಪಾಯಿಯ ಷೇರು ತಗೋತಿದ್ದೆ, ಪ್ರತಿ ಸಲ ಮಿನಿಮಮ್ ಬ್ರೋಕರೇಜ್ (ಷೇರು ತಗೊಂಡು ಕೊಡೋದಕ್ಕೆ ಅವ್ರ ಕಮಿಷನ್) 35 ರೂಪಾಯಿ, ಅದ್ರ ಮೇಲೆ 18% ಜಿಎಸ್‌ಟಿ, ಅಲ್ಲಿಗೆ 41 ರೂಪಾಯಿ 30 ಪೈಸೆ, ವರ್ಷಕ್ಕೆ ಹನ್ನೆರಡು ಸಲ ಅಂದ್ರೆ 495 ಚಿಲ್ರೆ, ಮತ್ತೆ ಖಾತೆಯ ವಾರ್ಷಿಕ ಚಾರ್ಜು ಜಿಎಸ್‌ಟಿ ಸೇರಿ 708. ಹಾಕಿದ್ದು 36,000, ಅದ್ರಲ್ಲಿ 1200 ಖರ್ಚಿಗೇ ಹೋಯ್ತು. ದೀಪಾವಳಿಗೆ ಬಂದ ಮಗಳು ಮೊಬೈಲ್ ನೋಡಿ "ಅಪ್ಪಯ್ಯ, ನೂರಕ್ಕೆ ಮೂರು ರೂಪಾಯಿ ಮೇಲೆ ಕೊಡ್ತಾ ಇದ್ದೀರಲ್ಲ" ಅಂದಾಗ ನಿಜವಾಗ್ಲೂ ಹೊಟ್ಟೆ ಉರಿದು ಹೋಯ್ತು.

ತಪ್ಪಿಸೋಕೆ ಆಗದ ಖರ್ಚು ತುಂಬಾ ಸಣ್ಣದು. 3000 ರೂಪಾಯಿ ಷೇರು ತಗೊಂಡ್ರೆ ಎಸ್‌ಟಿಟಿ ಅನ್ನೋ ಸರ್ಕಾರದ ತೆರಿಗೆ 0.1%, ಅಂದ್ರೆ 3 ರೂಪಾಯಿ, ಸ್ಟಾಂಪ್ ಡ್ಯೂಟಿ 45 ಪೈಸೆ, ಎಕ್ಸ್‌ಚೇಂಜ್ ಚಾರ್ಜು ಪೈಸೆ ಲೆಕ್ಕ. ಬ್ರೋಕರೇಜ್ ಬೇರೆ ಬೇರೆ ಕಡೆ ಬೇರೆ ಬೇರೆ. ಬೆಂಗಳೂರಿನ ಬ್ರೋಕರ್ ಕಂಪನಿ ಝೆರೋಧಾ 2015ರಲ್ಲೇ ಡೆಲಿವರಿಗೆ, ಅಂದ್ರೆ ಷೇರು ತಗೊಂಡು ಖಾತೆಯಲ್ಲಿ ಇಟ್ಕೊಳ್ಳೋದಕ್ಕೆ, ಬ್ರೋಕರೇಜ್ ತೆಗೆದು ಹಾಕ್ತು, ಹಾಗಂತ ಕಡಿಮೆ ರೇಟಿನ ಎಲ್ಲಾ ಡಿಸ್ಕೌಂಟ್ ಬ್ರೋಕರ್‌ಗಳದ್ದೂ ಸೊನ್ನೆ ಅಲ್ಲ, ರೇಟು ಓದಿಯೇ ಸೇರ್ಬೇಕು. ಮಾರುವಾಗ ಡಿಮ್ಯಾಟಿನಿಂದ ಷೇರು ಹೊರಗೆ ಕಳಿಸೋದಕ್ಕೆ ಡಿಪಿ ಚಾರ್ಜ್ ಅಂತ ಒಂದಿದೆ, ಅದು ಒಂದು ಕಂಪನಿಗೆ ಒಂದು ದಿನಕ್ಕೆ ಇಷ್ಟು ಅಂತ, ಹತ್ತು ಷೇರು ಮಾರಿದ್ರೂ ನೂರು ಮಾರಿದ್ರೂ ಅಷ್ಟೇ, ಹಾಗಾಗಿ ದಿನಾ ಎರಡೆರಡು ಮಾರೋದು ಬಿಟ್ಟು ಒಂದೇ ಸಲ ಮಾರೋದು ಒಳ್ಳೇದು.

ಮುಖ್ಯವಾಗಿ ಹೇಳ್ಬೇಕಾಗಿದ್ದು ಬಿಎಸ್‌ಡಿಎ, ಅಂದ್ರೆ ಬೇಸಿಕ್ ಸರ್ವಿಸಸ್ ಡಿಮ್ಯಾಟ್ ಅಕೌಂಟ್ ಬಗ್ಗೆ. ಸಣ್ಣ ಹೂಡಿಕೆದಾರರಿಗೆ ಅಂತ ಷೇರು ಪೇಟೆ ನೋಡ್ಕೊಳ್ಳೋ ಸಂಸ್ಥೆ ಸೆಬಿ ಮಾಡಿದ ಡಿಮ್ಯಾಟ್ ಇದು. 2024ರ ಸೆಪ್ಟೆಂಬರ್ 1ರಿಂದ ಖಾತೆಯಲ್ಲಿರೋ ಷೇರುಗಳ ಒಟ್ಟು ಬೆಲೆ 4 ಲಕ್ಷದ ಒಳಗಿದ್ರೆ ವಾರ್ಷಿಕ ಚಾರ್ಜೇ ಇಲ್ಲ, 10 ಲಕ್ಷದ ತನಕ 100 ರೂಪಾಯಿ. ನಮ್ಮಲ್ಲಿ ಬಹಳ ಜನ ಈ 4 ಲಕ್ಷದ ಒಳಗೇ ಇರೋರು! ಆದ್ರೆ ನಮ್ಮ ಹೆಸರು ಮೊದಲಿರೋ ಡಿಮ್ಯಾಟ್ ಒಂದೇ ಇರ್ಬೇಕು, ಎರಡು ಇದ್ರೆ ಸಿಗಲ್ಲ. ನಂದು ಸಿಕ್ಕಿಬಿದ್ದಿದ್ದು ಅಲ್ಲೇ, ಹೊಸ ಖಾತೆ ಮಾಡಿಸ್ದೆ, ಹಳೇದು ಹಾಗೇ ಇತ್ತು. ಹಳೇದನ್ನ ಕ್ಲೋಸ್ ಮಾಡಿ ಎಲ್ಲಾ ಷೇರನ್ನೂ ನಮ್ಮದೇ ಹೆಸರಿನ ಇನ್ನೊಂದು ಖಾತೆಗೆ ಕಳಿಸೋದಕ್ಕೆ ಚಾರ್ಜ್ ಇಲ್ಲ, ಅದು ಮಾರಾಟವೂ ಅಲ್ಲ, ಹಾಗಾಗಿ ಟ್ಯಾಕ್ಸೂ ಬರಲ್ಲ. ಇದನ್ನ ಕೌಂಟರಿನಲ್ಲಿ ಯಾರೂ ಹೇಳ್ಲಿಲ್ಲ, ಮೂರು ಸಲ ಪೇಟೆಗೆ ಬಂದು ಕೇಳಿ ಕೇಳಿ ಮಾಡಿಸ್ಕೊಂಡೆ.

ಖರ್ಚು ಕಡಿಮೆ ಅಂತ ಹುಡುಗರು ಆಪ್ಶನ್ಸ್‌ಗೆ, ಅಂದ್ರೆ ಬೆಲೆ ಏರುತ್ತೋ ಇಳಿಯುತ್ತೋ ಅಂತ ಪಣ ಕಟ್ಟೋ ಥರದ ವ್ಯವಹಾರಕ್ಕೆ, ಬೀಳ್ತಿರೋದು ನೋಡಿದ್ರೆ ಹೆದರಿಕೆ ಆಗುತ್ತೆ. ಮೂರು ವರ್ಷದ ಲೆಕ್ಕ ತೆಗೆದು ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಶನ್ಸ್) ಮಾಡಿದ 100 ಜನರಲ್ಲಿ 93 ಜನ ಕಳ್ಕೊಂಡಿದ್ದಾರೆ ಅಂತ ಸೆಬಿಯೇ 2024ರಲ್ಲಿ ಹೇಳಿದೆ. ನಾನು ಹೇಳ್ತಿರೋದು ತಗೊಂಡು ಇಟ್ಕೊಳ್ಳೋರ ಬಗ್ಗೆ ಮಾತ್ರ.

ಕಾರವಾರ, ಕುಮಟಾ, ಶಿರಸಿಯ ಬ್ಯಾಂಕು, ಬ್ರೋಕರ್ ಆಫೀಸುಗಳು ಬಿಎಸ್‌ಡಿಎ ನಿಯಮ ಮತ್ತು ಎಲ್ಲಾ ಚಾರ್ಜುಗಳನ್ನ ಕನ್ನಡದಲ್ಲಿ ಬರೆದು ಬಾಗಿಲಲ್ಲೇ ಹಾಕ್ಲಿ. ತಾವೂ ಪತ್ರಿಕೆಯಲ್ಲಿ ಒಂದು ಕಾಂಟ್ರಾಕ್ಟ್ ನೋಟ್ ಹಾಕಿ ಸಾಲು ಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದ್ರೆ ನಮ್ಮಂಥವರು ಕತ್ತರಿಸಿ ಇಟ್ಕೋತೀವಿ.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲೂಕು