ಸಂಜೆ ಭಜನೆಗೆ ಒಂದು ಹಾರ್ಮೋನಿಯಂ ಬೇಕಾಗಿದೆ

ಬಂಧುಗಳೇ, ನಮಸ್ಕಾರ.

ಕುಡಿತ ಬಿಟ್ಟವರಿಗೆ ದಿನದಲ್ಲಿ ಎಲ್ಲಕ್ಕಿಂತ ಕಷ್ಟದ ಹೊತ್ತು ಅಂದರೆ ಸಂಜೆ. ಕೆಲಸ ಮುಗಿದಿರುತ್ತದೆ, ಕೈಗೆ ಕೂಲಿ ಬಂದಿರುತ್ತದೆ, ಹಳೇ ದೋಸ್ತಿಗಳು ದಾರಿಯಲ್ಲೇ ಸಿಗುತ್ತಾರೆ. ಮನೆಯಲ್ಲಿ ಸುಮ್ನೆ ಕೂತರೆ ಕಾಲು ಬಾರಿನ ಕಡೆಗೇ ಎಳೆಯುತ್ತದೆ. ಆ ಹೊತ್ತು ದಾಟಿಸಲೆಂದೇ ನಮ್ಮ ಟ್ರಸ್ಟ್ ಸಂಜೆ ಭಜನೆ ನಡೆಸುತ್ತಿದೆ.

ಹಾಡಿದರೆ ಚಟ ವಾಸಿಯಾಗುತ್ತದೆ ಅಂತ ನಾವು ಹೇಳುವುದಿಲ್ಲ. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಅದಕ್ಕೆ ಡಾಕ್ಟರೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಬೇರೆ ಕೇಂದ್ರವಿದೆ. ಚಿಕಿತ್ಸೆ ಮುಗಿಸಿ ಊರಿಗೆ ಬಂದ ಮೇಲೆ ನಮ್ಮ ಕೆಲಸ ಶುರು.

ಹೊಸಬರ ಕೈಗೆ ಮೊದಲು ತಾಳ ಕೊಡುತ್ತೇವೆ. ಕೆಲವರ ಕೈ ಇನ್ನೂ ನಡುಗುತ್ತಿರುತ್ತದೆ, ಅಲ್ವಾ? ಹೊಡೆಯುವ ಮೊದಲೇ ತಾಳ ಕಿಣಿಕಿಣಿ ಅನ್ನುತ್ತದೆ. ಯಾರೂ ನಗುವುದಿಲ್ಲ, ಎಲ್ಲರೂ ಅದೇ ದಾರಿಯಲ್ಲಿ ಬಂದವರು. ಒಬ್ಬರು ಸಾಲು ಹೇಳಿಕೊಡುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ಉಸಿರು ಹಿಡಿಯಬೇಕು, ಪಕ್ಕದವರ ದನಿಗೆ ಕಿವಿ ಕೊಡಬೇಕು, ತಾಳ ತಪ್ಪಬಾರದು. ಇಷ್ಟರ ನಡುವೆ ಬೇರೆ ಯೋಚನೆಗೆ ಜಾಗ ಕಮ್ಮಿ. ಯಾರಾದರೂ ಎರಡು ದಿನ ಕಾಣಿಸಲಿಲ್ಲವೋ, ಢೋಲಕ್ ಬಾರಿಸುವವರೇ ಹೋಗಿ ಬಾಗಿಲು ಬಡಿಯುತ್ತಾರೆ. ನಮ್ಮನ್ನು ಕೇಳಿದರೆ ಹಾಡಿಗಿಂತ ಇದೇ ಜಾಸ್ತಿ ಕೆಲಸ ಮಾಡುತ್ತದೆ.

ದಾಸರ ಪದ, ತತ್ವಪದ, ಜನಪದ ಎಲ್ಲವೂ ನಡೆಯುತ್ತದೆ. ಯಾವ ಜಾತಿ, ಧರ್ಮದವರಾದರೂ ಬರಬಹುದು. ಕಟ್ಟುಪಾಡು ಒಂದೇ: ಕುಡಿಯುವಾಗ ಕೇಳುತ್ತಿದ್ದ ಹಾಡು ಇಲ್ಲಿ ಬೇಡ. ಅದು ಕಿವಿಗೆ ಬಿದ್ದರೆ ಸಾಕು, ಕೆಲವರಿಗೆ ಆಸೆ ಮತ್ತೆ ಕೆದರುತ್ತದೆ.

ಈಗಿರುವ ಹಾರ್ಮೋನಿಯಂನ ತಿದಿ ಹರಿದಿದೆ, ಎರಡು ಸ್ವರ ಏಳುವುದೇ ಇಲ್ಲ. ಒಂದು ಹಾರ್ಮೋನಿಯಂ, ಒಂದು ಢೋಲಕ್, ಐದಾರು ಜೊತೆ ತಾಳ ಬೇಕು. ಹಾಡು ಕಲಿಸುವ ಮೇಷ್ಟ್ರಿಗೆ ತಿಂಗಳ ಸಂಭಾವನೆ, ದಿನಾ ಚಹಾ, ಮಂಡಕ್ಕಿ ಖರ್ಚೂ ಇದೆ. ನಿಮ್ಮ ಅಟ್ಟದ ಮೇಲೆ ಹಳೇ ಹಾರ್ಮೋನಿಯಂ ಧೂಳು ಹಿಡಿದು ಕೂತಿದ್ದರೆ ಅದನ್ನೇ ಕೊಡಿ. ರಿಪೇರಿ ನಾವು ಮಾಡಿಸಿಕೊಳ್ಳುತ್ತೇವೆ.

ಹಣ ಕೊಡುವವರು ಟ್ರಸ್ಟ್ ಕಚೇರಿಯಲ್ಲೇ ಕೊಟ್ಟು ರಸೀದಿ ಪಡೆಯಿರಿ. ಭಜನೆಗೆ ಬರುವವರ ಕೈಗೆ ಮಾತ್ರ ನಗದು ಕೊಡಬೇಡಿ. ಅವರ ಫೋಟೋ, ಹೆಸರು ಕೇಳಬೇಡಿ, ನಾವು ಎಲ್ಲೂ ಹಾಕುವುದಿಲ್ಲ.

ನಿಮ್ಮ ಮನೆಯಲ್ಲೇ ಯಾರಾದರೂ ಈ ಚಟದಿಂದ ಒದ್ದಾಡುತ್ತಿದ್ದರೆ ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಚಿಕಿತ್ಸೆ ಆದ ಮೇಲೆ ನಮ್ಮಲ್ಲಿಗೆ ಕರೆದುಕೊಂಡು ಬನ್ನಿ. ಅವರಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ.

ಟ್ರಸ್ಟ್ ಹಾಗೂ ಭಜನಾ ಮಂಡಳಿಯ ಪರವಾಗಿ